ನೀರುಚಿಗಟದ ಕವಚ

ಪುತ್ತೂರು, ಸುಳ್ಯ, ಕಡಬ ಸೀಮೆಗಳ ಅಡಕೆತೋಟಗಳಿಗೆ ಕೆರೆ-ಮದಕಗಳೂ ಜೀವಾಧಾರವು. ಅಂತಹ ನಿಂತ ನೀರಿನಲ್ಲಿ ಕುಪ್ಪಳಿಸಿ ಈಜುವ ಅತಿಸೂಕ್ಷ್ಮ ಜೀವಿಗಳುಂಟು. ನೀರುಚಿಗಟಗಳೆಂದು ಅವುಗಳ ಹೆಸರು. ಮೀನಿಗೂ ಕೀಟಗಳ ಮರಿಗಳಿಗೂ ಅವು ಆಹಾರವು.

ಇಂತಹ ಕ್ಷುದ್ರಜೀವಿಗೆ ಆತ್ಮರಕ್ಷಣೆಯ ಉಪಾಯವುಂಟೇ? ಉಂಟು. ವೈರಿಯ ದೇಹದಿಂದ ಒಸರಿದ ದ್ರವ್ಯವು ನೀರಿನಲ್ಲಿ ಬೆರೆತೊಡನೆ, ಅದನ್ನು ಕಾಣದೆಯೇ ಅರಿಯುವುವು. ಕೆಲವು ಹಗಲಲ್ಲಿ ಆಳದ ಕತ್ತಲೆಗಿಳಿದು ರಾತ್ರಿಯಲ್ಲಿ ಮೇಲೇರಿ ಉಣ್ಣುವುವು. ಕೆಲವಕ್ಕೆ ಶಿರಸ್ತ್ರಾಣವೂ ನೀಳವಾದ ಬಾಲದ ಮುಳ್ಳೂ ಬೆಳೆಯುವುವು. ತಾಯಿಯು ಅರಿತ ಭಯದಿಂದ ಮರಿಯು ಕವಚಧಾರಿಯಾಗಿಯೇ ಹುಟ್ಟುವುದೂ ಉಂಟು. ಒಂದೇ ಬೀಜವು ಪರಿಸರಾನುಸಾರವಾಗಿ ನಾನಾ ರೂಪ ತಾಳುವುದೆಂಬುದನ್ನು ಜರ್ಮನಿಯ ವೋಲ್ಟೆರೆಕ್ ಪಂಡಿತನು 1909ರಲ್ಲಿ ಈ ಶಿರಸ್ತ್ರಾಣಗಳನ್ನಳೆದೇ ತೋರಿಸಿದನು. ಕವಚಕ್ಕೆ ವ್ಯಯಿಸಿದ ಶಕ್ತಿಯು ಸಂತಾನಕ್ಕೆ ಕುಂದಾಗಬಹುದು. ಆದಕಾರಣ ವೈರಿಯಿಲ್ಲದೆಡೆ ಕವಚವೂ ಇಲ್ಲ.

ಆದರೆ ನೀರಿನಲ್ಲಿ ತಾಮ್ರವು ಅತ್ಯಲ್ಪವಾಗಿ ಬೆರೆತರೂ ಈ ಅರಿವು ಮಂಕಾಗಿ ಕವಚವು ಸರಿಯಾಗಿ ಬೆಳೆಯದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿನಲ್ಲಿರುವ ಮೈಲುತುತ್ತವು ತಾಮ್ರವೇ ಅಲ್ಲವೇ? ಅಡಕೆಗೆ ಮದ್ದು ಬೇಕು, ಸಂದೇಹವಿಲ್ಲ. ಮದ್ದಿನ ಪಾತ್ರೆಯನ್ನು ಮದಕದಲ್ಲಿ ತೊಳೆಯದಿರುವುದು ಮಾತ್ರ ಕೃಷಿಕನ ಕೈಯಲ್ಲಿದೆ. ತೋಟವನ್ನು ಕಾಯುವವನು ನೀರಿನೊಳಗಿನ ಕಾವಲನ್ನು ಕೆಡಿಸಬಾರದು.