ಕಬ್ಬಿಣದ ಹೂಳಿನಲ್ಲಿ ಬೇರು ಬಿಟ್ಟವರು

ಕೊಕ್ಕಡದವರಾದ ನಮಗೆ ಕುದುರೆಮುಖ ಪರವೂರಲ್ಲ. ಧರ್ಮಸ್ಥಳದ ಸ್ನಾನಘಟ್ಟದಲ್ಲಿ ನಾವು ಮುಳುಗೇಳುವ ನೇತ್ರಾವತಿ ಆ ಬೆಟ್ಟಸಾಲಿನಿಂದಲೇ ಇಳಿದು ಬರುತ್ತಾಳೆ. ಉಜಿರೆ, ಗುರುವಾಯನಕೆರೆ, ನಾರಾವಿ, ಬಜಗೋಳಿ ದಾಟಿ ಮಾಳ ಗೇಟಿನಿಂದ ಘಾಟಿ ಏರಿದೆವು. ಜಿಲ್ಲೆಯ ಗಡಿಯಾದ ಎಸ್.ಕೆ. ಬಾರ್ಡರ್ ಬರುವಷ್ಟರಲ್ಲಿ ಸೆಖೆ ಹೋಗಿ ಮಂಜು ಕವಿದಿತ್ತು. ಬೋಳುಗುಡ್ಡಗಳ ಹುಲ್ಲು, ಕಣಿವೆಯ ಸಂದಿಗಳಲ್ಲಿ ಒತ್ತಾಗಿ ನಿಂತ ಶೋಲಾ ಕಾಡು. ಎಷ್ಟು ಸಲ ನೋಡಿದರೂ ಮಾತು ನಿಂತುಹೋಗುತ್ತದೆ.

ಈ ಸಲ ನೋಡಬೇಕಾಗಿದ್ದದ್ದು ಮಾತ್ರ ಬೇರೆ: ಹಳೆಯ ಗಣಿಯ ಜಾಗ. 1976ರಲ್ಲಿ ಹುಟ್ಟಿದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇಲ್ಲಿ ಬಂಡೆಯನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಕಬ್ಬಿಣವನ್ನು ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಇಳಿಸುತ್ತಿತ್ತು. ಉಳಿದ ಹೂಳೆಲ್ಲ ಲಕ್ಯಾ ಅಣೆಕಟ್ಟಿನ ಹಿಂದೆ. ಅಣೆಕಟ್ಟಿನ ಎತ್ತರ ಸುಮಾರು 100 ಮೀಟರ್. ಕಣಿವೆಯೊಂದು ಪೂರ್ತಿ ತುಂಬಿಹೋಗಿದೆ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಗಣಿಯ ವಿರುದ್ಧದ ಹೋರಾಟ ಗೆದ್ದದ್ದಕ್ಕೆ ನನಗೆ ಇಂದಿಗೂ ಹೆಮ್ಮೆ.

ಗಣಿಯ ಹಳೆಯ ರಾಶಿಯಂಚಿನಲ್ಲಿ ಒಂದು ಹಿಡಿ ಮಣ್ಣೆತ್ತಿ ಕಿಸೆಯಲ್ಲಿದ್ದ ಅಯಸ್ಕಾಂತ ಹಿಡಿದೆ. ಕರಿಯ ಕಣಗಳು ಮೀಸೆಯಂತೆ ಎದ್ದು ನಿಂತವು. ಇದನ್ನು ಮಣ್ಣೆನ್ನಲಿಕ್ಕೂ ಆಗುವುದಿಲ್ಲ. ಕೊಳೆತ ಎಲೆಯ ಅಂಶವಿಲ್ಲ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ, ಇದ್ದ ರಂಜಕವನ್ನೂ ಕಬ್ಬಿಣ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗೆ ಕೆಸರು, ಬಿಸಿಲಿಗೆ ಹೆಪ್ಪುಗಟ್ಟಿದ ಹಲಗೆ. ಎಳೆಯ ಬೇರು ನುಗ್ಗುವುದೆಲ್ಲಿ?

ಜೊತೆಗಿದ್ದ ಅರಣ್ಯ ವಾಚರ್ ಗೇಣುದ್ದದ ಅಕೇಶಿಯಾ ಸಸಿಯೊಂದನ್ನು ಮೆಲ್ಲನೆ ಕಿತ್ತು ಕೈಗಿತ್ತರು. ಬುಡದಲ್ಲಿ ನಾಚಿಕೆಮುಳ್ಳಿನದರಂಥ ಗರಿಯೆಲೆ, ಅದೇ ಕಾಂಡದ ತುದಿಯಲ್ಲಿ ಕುಡುಗೋಲಿನಂತೆ ಬಾಗಿದ ಅಗಲ ಎಲೆ. ಮೇಲಿನದು ಎಲೆಯೇ ಅಲ್ಲ, ಚಪ್ಪಟೆಯಾದ ಎಲೆತೊಟ್ಟು. ಎಲೆಯ ಕೆಲಸವನ್ನು ತೊಟ್ಟಿಗೆ ಒಪ್ಪಿಸಿ ಸಸಿ ಒಣಹವೆಯನ್ನು ತಾಳಿಕೊಳ್ಳುತ್ತದೆ. ಬೇರಿನಲ್ಲಿ ಸಾಸಿವೆಗಾತ್ರದ ಗಂಟುಗಳಿದ್ದವು. ಉಗುರಿನಿಂದ ಒಂದನ್ನು ಸೀಳಿದೆ: ಒಳಗೆ ಗುಲಾಬಿ ಬಣ್ಣ! ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಕೆಂಪಿನ ಹತ್ತಿರದ ನೆಂಟ. ಅದರ ನಡುವೆಯೂ ಇರುವುದು ಕಬ್ಬಿಣವೇ. ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗೊಬ್ಬರ ಮಾಡಿ ಕೊಡುತ್ತದೆ, ಗಿಡ ಸಕ್ಕರೆ ಕೊಡುತ್ತದೆ. ಇಡೀ ಬೆಟ್ಟವನ್ನು ಯಾವ ಲೋಹಕ್ಕಾಗಿ ಅಗೆದರೋ, ಅದರದ್ದೇ ಒಂದು ಚೂರಿನಿಂದ ಸಸಿ ಬದುಕು ಕಟ್ಟಿಕೊಂಡದ್ದನ್ನು ಕಂಡು ಮೈ ಜುಮ್ಮೆಂದಿತು.

ರಂಜಕ ತಂದುಕೊಡುವವರು ಬೇರೆ. ಬೇರಿಗಂಟಿಕೊಂಡ ಶಿಲೀಂಧ್ರದ ಎಳೆಗಳು ಬೇರುರೋಮ ಮುಟ್ಟಲಾರದ ಸಂದಿಗೂ ನುಸುಳಿ ಹೆಕ್ಕಿ ತರುತ್ತವೆ. ಅದಕ್ಕೇ ಇಂಥ ಜಾಗಕ್ಕೆ ಸಸಿ ಬೆಳೆಸುವಾಗ ಪ್ಲಾಸ್ಟಿಕ್ ತೊಟ್ಟೆಗೆ ಹಟ್ಟಿಗೊಬ್ಬರದ ಜೊತೆ ಒಂದು ಹಿಡಿ ಕಾಡಿನ ಮಣ್ಣು ಬೆರೆಸಿದರೆ ಒಳ್ಳೆಯದು. ಆ ಹಿಡಿಯಲ್ಲಿ ಇವರೆಲ್ಲ ಇರುತ್ತಾರೆ.

"ಹಸಿರು ಉಂಟು, ಆದ್ರೆ ಇದು ಕಾಡಲ್ಲ ಮಾರಾಯ್ರೆ," ಎಂದರು ವಾಚರ್. ನಿಜವೇ. ಅಕೇಶಿಯಾ ಆಸ್ಟ್ರೇಲಿಯಾ ಕಡೆಯದು. ನಮ್ಮ ಕೊಕ್ಕಡದ ಕಡೆ ಗುಡ್ಡೆಗಳಲ್ಲೂ ಅದೇ ತುಂಬಿದೆ. ಹೂಳನ್ನು ಹಿಡಿದು ನಿಲ್ಲಿಸಲು ಅದು ಬೇಕಿತ್ತೆಂದು ಒಪ್ಪುತ್ತೇನೆ, ಆದರೆ ಅಲ್ಲಿಗೇ ಬಿಡಬಾರದು. ಹಂತಹಂತವಾಗಿ ತೆಳುಮಾಡಿ ನೆರಳಿನಡಿ ನಮ್ಮ ಮರಗಳನ್ನು ಎಬ್ಬಿಸಬೇಕು.

"ಹಕ್ಕಿ ಬೀಜ ತರ್ತದೆ. ಮೊದ್ಲು ಇಲ್ಲಿ ಅದಕ್ಕೆ ಕೂರ್ಲಿಕ್ಕೆ ಕೊಂಬೆಯೇ ಇರ್ಲಿಲ್ಲ," ಎನ್ನುತ್ತ ಅವರು ದಪ್ಪ ತರಗೆಲೆ ಸರಿಸಿ ನಮ್ಮ ಮರಗಳ ಮೊಳಕೆ ಹುಡುಕತೊಡಗಿದರು. ನಾನೂ ಮಂಡಿಯೂರಿದೆ. ನೇರಳೆಯ ಮೊಳಕೆಗಳು ಸಿಕ್ಕಿದವು. ಸುರಗಿ ಮರದ್ದು ಸಿಗಲಿಲ್ಲ.