ಭೃತ್ಯನೂ ಭರ್ತೃವೂ

ಸಂಸ್ಕೃತದಲ್ಲಿ ಕೂಲಿಗೆ ‘ಭೃತಿ’ಯೆಂದೂ ಕೂಲಿಯಾಳಿಗೆ ‘ಭೃತ್ಯ’ನೆಂದೂ ಹೆಸರು. ಹೊರು, ಪೋಷಿಸು ಎಂಬರ್ಥದ ‘ಭೃ’ ಧಾತುವಿನಿಂದ ಹುಟ್ಟಿದ ಶಬ್ದಗಳಿವು. ಭೃತ್ಯನೆಂದರೆ ಪೋಷಿಸಲ್ಪಡಬೇಕಾದವನು, ಅವನನ್ನು ದುಡಿಸಿಕೊಳ್ಳುವವನು ‘ಭರ್ತೃ’, ಅಂದರೆ ಪೋಷಿಸುವ ಭಾರವನ್ನು ಹೊತ್ತವನು. ಬಹುಕಾಲ ಬಾಲಕರಿಗೆ ಈ ವ್ಯುತ್ಪತ್ತಿಯನ್ನು ಹೇಳಿಕೊಟ್ಟ ನಮಗೆ, ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸಂಸಾರಗಳನ್ನು ನೋಡುವಾಗ ಆ ಭಾರವು ಯಾರ ಹೆಗಲಿನಿಂದಲೋ ಜಾರಿ ಬಿದ್ದಿದೆಯೆಂದು ತೋರುತ್ತದೆ. ಕೆಲಸವಿಲ್ಲದಿರುವುದು ಒಂದು ಕಷ್ಟ. ಇರುವ ಕೆಲಸವು ನಾಳೆ ಉಳಿದೀತೋ ಇಲ್ಲವೋ ಎಂದು ತಿಳಿಯದಿರುವುದು ಇನ್ನೊಂದು ಕಷ್ಟ. ಮೊದಲನೆಯದು ಲೋಕದ ಕಣ್ಣಿಗೆ ಬೀಳುತ್ತದೆ. ಎರಡನೆಯದು ಮನೆಯೊಳಗೇ ಇದ್ದು ಮನೆಯನ್ನು ಸವೆಸುತ್ತದೆ.

ಸಿಂಧನೂರು ಭತ್ತದ ಸೀಮೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ತರುವಾಯ ಎರೆಯ ಹೊಲಗಳು ಗದ್ದೆಗಳಾದವು. ನಾಟಿ ಹಚ್ಚುವ ಹೆಂಗಸರು ಗುಂಪು ಕಟ್ಟಿಕೊಂಡು ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿಯುತ್ತಾರೆ; ಆ ಕೆಲವು ದಿನ ಅವರಿಗೆ ಸೊಂಟ ಎತ್ತಲು ಬಿಡುವಿಲ್ಲ. ನಾಟಿ ತೀರಿದರೆ ಕಳೆ. ಕಳೆ ತೀರಿದರೆ ಮುಂದೇನು? ಕೊಯ್ಲಿನ ಕೂಲಿಯನ್ನು ಯಂತ್ರವು ನುಂಗಿತು. 2024ನೆಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋಗಿ, ತುಂಬಿದ್ದ ನೀರು ನದಿಯ ಪಾಲಾಗತೊಡಗಿತು. ತಾತ್ಕಾಲಿಕ ಗೇಟು ಕೂಡಿಸುವವರೆಗೆ ಎಲ್ಲರ ಬಾಯಲ್ಲಿ ರೈತನ ಬೆಳೆಯ ಮಾತೇ ಮಾತು. ಅದು ಯುಕ್ತವೇ. ಆದರೆ ಬೆಳೆ ಹೋದರೂ ರೈತನಿಗೆ ಭೂಮಿಯುಳಿಯುತ್ತದೆ, ಅದರ ಮೇಲೆ ಸಾಲವಾದರೂ ಹುಟ್ಟುತ್ತದೆ. ನಾಟಿಯವಳ ದಿನ ಹೋದರೆ ಹೋದಂತೆಯೇ. ಅದಕ್ಕೆ ಪರಿಹಾರ ಬೇಡುವ ಅರ್ಜಿಯೇ ಇಲ್ಲ.

ಇಂಥವರು ಗುಳೆ ಹೊರಡುತ್ತಾರೆ. ಬೆಂಗಳೂರಿನಲ್ಲಿ ಅನ್ಯರ ಮನೆ ಕಟ್ಟುತ್ತ ತಾವು ತಗಡಿನ ಗುಡಿಸಲಲ್ಲಿರುತ್ತಾರೆ. ಮಗು ಜತೆಗೆ ಹೋದರೆ ಶಾಲೆ ತಪ್ಪುತ್ತದೆ. ಊರಲ್ಲುಳಿದರೆ ತಾಯಿ ತಪ್ಪುತ್ತಾಳೆ. ಸುಗ್ಗಿ ಮುಗಿದೊಡನೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಸಾಲುಗಟ್ಟುವುದನ್ನು ನಾವು ವರುಷ ವರುಷವೂ ಕಂಡವರು. 2020ರಲ್ಲಿ ಮಹಾಮಾರಿಗಾಗಿ ದೇಶವೇ ಬಾಗಿಲಿಕ್ಕಿದಾಗ, ಹೀಗೆ ಹೋದವರಲ್ಲಿ ಎಷ್ಟೋ ಮಂದಿ ಕಾಲ್ನಡಿಗೆಯಲ್ಲಿಯೇ ಊರ ಹಾದಿ ಹಿಡಿದರು. 2005ರ ಉದ್ಯೋಗ ಖಾತರಿ ಕಾಯಿದೆಯು ಹಳ್ಳಿಯ ಕುಟುಂಬಕ್ಕೆ ವರುಷಕ್ಕೆ 100 ದಿನದ ಕೆಲಸದ ಮಾತು ಕೊಟ್ಟಿತು. ಅದರ ಬೆಲೆಯಿದ್ದದ್ದು ಹಣದಲ್ಲಿ ಮಾತ್ರವಲ್ಲ, ಮುಂಚಿತವಾಗಿ ನಂಬಬಹುದಾದ ಮಾತೆಂಬುದರಲ್ಲಿ. ಕೂಲಿಯ ಹಣ ತಡವಾದಲ್ಲೆಲ್ಲ ಆ ಬೆಲೆಯೇ ಕೆಟ್ಟಿತು.

ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಭೂಮಿಯೊಳಗೆ ಚಿನ್ನವುಂಟು. ನಿಜಾಮರ ಆಳಿಕೆಯಲ್ಲಿ, 1947ರಲ್ಲಿ ಸ್ಥಾಪಿತವಾದ ಅಲ್ಲಿಯ ಗಣಿ ಕಂಪನಿಯು ಇಂದು ರಾಜ್ಯ ಸರಕಾರದ್ದು. ಅಲ್ಲಿ ಕಾಯಂ ಕೆಲಸದವರೂ ಉಂಟು, ಗುತ್ತಿಗೆಯವರೂ ಉಂಟು. ಆ ಸೀಮೆಯಲ್ಲಿ ಹೆಣ್ಣು ಕೊಡುವವರು ವರನ ಕುಲಗೋತ್ರಗಳಿಗಿಂತ ಮೊದಲು ‘ಕಾಯಮ್ಮೋ, ಗುತ್ತಿಗೆಯೋ?’ ಎಂದು ಕೇಳುತ್ತಾರೆ. ಒಂದು ಶಬ್ದದ ಮೇಲೆ ಮದುವೆ ನಿಲ್ಲುತ್ತದೆ, ಮನೆ ಕಟ್ಟುವ ಯೋಚನೆ ನಿಲ್ಲುತ್ತದೆ.

ಅಕ್ಷರ ಬಲ್ಲವರಿಗೆ ಈ ಭಯವಿಲ್ಲವೆಂದು ವಾಚಕರು ಭಾವಿಸಬಾರದು. ಮಸ್ಕಿಯಂಥ ಊರುಗಳ ಸರಕಾರಿ ಶಾಲೆಗಳಲ್ಲಿ ‘ಅತಿಥಿ ಶಿಕ್ಷಕ’ರೆಂಬವರುಂಟು. ಬರುವ ತಿಥಿ ಗೊತ್ತಿಲ್ಲದವನು ಅತಿಥಿಯೆಂದು ಹಿರಿಯರು ಅರ್ಥ ಹೇಳುತ್ತಾರೆ; ಇವರಿಗೆ ಹೋಗುವ ತಿಥಿಯೊಂದೇ ಗೊತ್ತು. ಶಾಲೆಯ ವರುಷ ಮುಗಿದರೆ ಗೌರವಧನವೂ ಮುಗಿಯಿತು. ಬೇಸಗೆಗೆ ಗಂಜಿಯ ದಾರಿ ಬೇರೆ, ಜೂನ್ ಬಂದರೆ ಅರ್ಜಿ ಮೊದಲಿನಿಂದ.

ಅದೇ ಮಸ್ಕಿಯ ಬಂಡೆಯ ಮೇಲೆ, 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವಿದೆ. ಶ್ರೇಯಸ್ಸು ದೊಡ್ಡವರ ಸೊತ್ತಲ್ಲ, ಧರ್ಮದಲ್ಲಿ ನಡೆದರೆ ಚಿಕ್ಕವರಿಗೂ ಅದು ಲಭ್ಯವೆಂಬುದು ಅದರ ತಾತ್ಪರ್ಯ. ಶ್ರೇಯಸ್ಸಿನ ಮಾತು ಹೇಗಾದರಿರಲಿ, ಅನಿಶ್ಚಯವಂತೂ ಇಂದು ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಹೊಸ್ತಿಲನ್ನೂ ದಾಟಿದೆ. ಆದರೆ ಅದರ ಹೊರೆ ಸಮವಲ್ಲ. ಶಿಕ್ಷಕನಿಗೆ ಓದಿದ ವಿದ್ಯೆಯುಂಟು, ಸಂಬಳವಿರುವ ಅಣ್ಣನೊಬ್ಬನಿದ್ದರೂ ಇರಬಹುದು. ಗಣಿಯವನಿಗೆ ಕಲಿತ ಕಸುಬುಂಟು. ತಲೆತಲಾಂತರದಿಂದ ತುಂಡು ಭೂಮಿಯಿಲ್ಲದ ದಲಿತ ಕುಟುಂಬಕ್ಕೆ ತೋಳೆರಡೇ ಆಸ್ತಿ. ಒಬ್ಬನಿಗೆ ಮಾನದ ಚಿಂತೆಯಾದದ್ದು ಇನ್ನೊಬ್ಬನಿಗೆ ಸಂಜೆಯ ಒಲೆಯ ಚಿಂತೆ.

ಸರಕಾರ ಮಾಡಬೇಕಾದದ್ದು ಬಹಳವುಂಟು. ಆದರೆ ಈ ಪತ್ರಿಕೆಯನ್ನೋದುವ ಗೃಹಸ್ಥರಲ್ಲಿ ಅನೇಕರು ತಾವೇ ಭರ್ತೃಗಳು. ಮನೆಗೆಲಸದವಳು, ಹೊಲದ ಸಂಬಳದಾಳು, ಅಂಗಡಿಯ ಲೆಕ್ಕದವನು ಇವರೆಲ್ಲ ನಮ್ಮ ಮಾತನ್ನೇ ನಂಬಿ ಬದುಕುವವರು. ಕೂಲಿಯನ್ನು ಗೊತ್ತುಮಾಡದೆ ದುಡಿಸಿಕೊಂಡವನು ಉತ್ಪತ್ತಿಯ ಹತ್ತರಲ್ಲೊಂದು ಪಾಲನ್ನು ಆಳಿಗೆ ಕೊಡತಕ್ಕದ್ದೆಂದು ಕೌಟಿಲ್ಯನೂ ಯಾಜ್ಞವಲ್ಕ್ಯನೂ ವಿಧಿಸಿದರು. ಅನಿಶ್ಚಯದ ನಷ್ಟವು ದುಡಿದವನ ಮೇಲೆ ಬೀಳಬಾರದೆಂಬುದೇ ಅದರ ಮರ್ಮ. ನಾವಾದರೂ ಕೂಲಿಯನ್ನು ಮೊದಲೇ ಗೊತ್ತುಮಾಡೋಣ, ಗೊತ್ತಾದ ದಿನ ಕೊಡೋಣ, ಕೆಲಸ ಬಿಡಿಸುವುದಾದರೆ ಒಂದು ತಿಂಗಳು ಮುಂಚೆ ಹೇಳೋಣ. ಇಷ್ಟಕ್ಕೆ ಖರ್ಚು ಹೆಚ್ಚಿಲ್ಲ. ಆ ಮನೆಯವರು ಮಾತ್ರ ಒಂದು ತಿಂಗಳು ನೆಮ್ಮದಿಯಿಂದ ನಿದ್ದೆ ಮಾಡಿಯಾರು.