ಪೇಪರ್ ಏರ್‌ಪ್ಲೇನ್: ದೂಳಿನ ಹಾಡು, ತಿಳಿಯಾದ ದನಿ

ಹಳ್ಳಿಯ ದನಿ ಎಂದರೆ ಸ್ವಲ್ಪ ಗರಗರ ಎನ್ನಲೇಬೇಕು ಎಂಬ ನಂಬಿಕೆ ನಮ್ಮ ಕಸುಬಿನಲ್ಲಿ ಗಟ್ಟಿಯಾಗಿ ಕೂತಿದೆ. ಗುಳೆ ಹೊರಟವರ ಮಾತಿನ ಹಿಂದೆ ಬಸ್ಸಿನ ಹಾರ್ನು, ಗಾಳಿಯ ಸದ್ದು ಇದ್ದರೆ ಅದೇ ‘ನೈಜತೆ’ ಅನ್ನುವವರಿದ್ದಾರೆ. ಆಡಿದವರ ಅರ್ಧ ಮಾತು ಆ ನೈಜತೆಯಲ್ಲೇ ಮುಳುಗಿರುತ್ತದೆ. ಈ ಜಗಳ ನಮ್ಮ ಗುಂಪಿನೊಳಗೂ ಇದೆ. ಅದನ್ನು ಇನ್ನಷ್ಟು ಬಿಸಿ ಮಾಡಿದ್ದು ಅಮೆರಿಕದ ಒಂದು ಬ್ಲೂಗ್ರಾಸ್ ಆಲ್ಬಮ್: ಅಲಿಸನ್ ಕ್ರೌಸ್ ಮತ್ತು ಯೂನಿಯನ್ ಸ್ಟೇಷನ್ ತಂಡದ ‘ಪೇಪರ್ ಏರ್‌ಪ್ಲೇನ್’.

ಬ್ಲೂಗ್ರಾಸ್ ಹಳ್ಳಿಗಾಡಿನಿಂದ ಬಂದ ಸಂಗೀತ. 1940ರ ದಶಕದಲ್ಲಿ ಕೆಂಟಕಿಯ ಬಿಲ್ ಮನ್ರೋ ಇದಕ್ಕೆ ರೂಪ ಕೊಟ್ಟರು; ಅವರ ತಂಡದ ಹೆಸರೇ ಪ್ರಕಾರದ ಹೆಸರಾಯಿತು. ಬ್ಯಾಂಜೋ, ಪಿಟೀಲು, ಮ್ಯಾಂಡೊಲಿನ್, ಗಿಟಾರ್, ನಿಂತು ನುಡಿಸುವ ದೊಡ್ಡ ಬಾಸ್. ಹಳೆಯ ಪದ್ಧತಿಯಲ್ಲಿ ಎಲ್ಲರಿಗೂ ಒಂದೇ ಮೈಕು. ಸರದಿ ಬಂದವರು ಮುಂದೆ ಬಂದು ನುಡಿಸಿ ಹಿಂದೆ ಸರಿಯಬೇಕು. (ನಮ್ಮ ಸಂಪಾದಕೀಯ ಸಭೆಗಳಲ್ಲಿ ಈ ಶಿಸ್ತು ಇನ್ನೂ ಬಂದಿಲ್ಲ.)

ಆಲ್ಬಮ್ ಬಂದದ್ದು 2011ರಲ್ಲಿ, ತಂಡದ ಹಿಂದಿನ ಸ್ಟುಡಿಯೋ ಆಲ್ಬಮ್ ಬಂದು ಏಳು ವರ್ಷವಾದ ಮೇಲೆ. ಹನ್ನೊಂದು ಹಾಡು. ಶೀರ್ಷಿಕೆ ಗೀತೆಯಲ್ಲಿ ಕ್ರೌಸ್ ದನಿ ಹಗುರವಾಗಿ ತೇಲಿ ಮುಗಿಯುತ್ತದೆ. ಮರುಕ್ಷಣವೇ ಗಂಡುದನಿಯೊಂದು ಒರಟಾಗಿ ಎದ್ದು ಬರುತ್ತದೆ. ಹಾಡುವವರು ಡ್ಯಾನ್ ಟೈಮಿನ್ಸ್ಕಿ. ಹಾಡು ಪೀಟರ್ ರೋವನ್ ಬರೆದ ‘ಡಸ್ಟ್ ಬೌಲ್ ಚಿಲ್ಡ್ರನ್’.

1930ರ ದಶಕದ ಕಥೆ ಅದು. ಒಕ್ಲಹೋಮ, ಕಾನ್ಸಾಸ್, ಟೆಕ್ಸಾಸ್ ಕಡೆಯ ಬಯಲಿನಲ್ಲಿ ಮಣ್ಣನ್ನು ಹಿಡಿದಿಟ್ಟಿದ್ದ ಹುಲ್ಲನ್ನು ಗೋಧಿಗಾಗಿ ಉತ್ತು ತೆಗೆದಿದ್ದರು. ಮಳೆ ಕೈಕೊಟ್ಟಿತು, ಹಿಡಿತವಿಲ್ಲದ ಮಣ್ಣು ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ರಂದು ಹಗಲೇ ಕತ್ತಲಾಗುವಂಥ ದೂಳು ಕವಿಯಿತು; ಆ ದಿನಕ್ಕೆ ‘ಕರಿ ಭಾನುವಾರ’ ಎಂದೇ ಹೆಸರು. ಲಕ್ಷಗಟ್ಟಲೆ ಜನ ಊರು ಬಿಟ್ಟರು. ಹಾಡು ಇದ್ಯಾವುದನ್ನೂ ವರದಿಯಂತೆ ಹೇಳುವುದಿಲ್ಲ. ‘ನಾವು’ ಎಂದು ಹಾಡುತ್ತದೆ, ಅಷ್ಟೆ. ‘ಸಂತ್ರಸ್ತರು’, ‘ಫಲಾನುಭವಿಗಳು’ ಎಂದು ಬರೆದು ಅಭ್ಯಾಸವಾದ ನಮಗೆ ಈ ‘ನಾವು’ ಚುಚ್ಚಿತು.

ಇಷ್ಟು ದೂಳಿನ ಹಾಡನ್ನು ಅವರು ದಾಖಲಿಸಿದ ರೀತಿ ನೋಡಿ. ಬ್ಯಾಂಜೋ ತಂತಿಗೆ ಬೆರಳು ತಾಕುವುದೂ ಕೇಳುತ್ತದೆ. 2012ರಲ್ಲಿ ಆಲ್ಬಮ್ಮಿಗೆ ಬಂದ ಗ್ರ್ಯಾಮಿಗಳಲ್ಲಿ ಒಂದು ಅತ್ಯುತ್ತಮ ಬ್ಲೂಗ್ರಾಸ್ ಆಲ್ಬಮ್ಮಿಗೆ, ಇನ್ನೊಂದು ಧ್ವನಿ ಎಂಜಿನಿಯರಿಂಗಿಗೆ. ಎಂಜಿನಿಯರುಗಳಲ್ಲಿ ಒಬ್ಬರಾದ ಮೈಕ್ ಶಿಪ್ಲಿ, ಡೆಫ್ ಲೆಪರ್ಡ್‌ನಂಥ ಅಬ್ಬರದ ರಾಕ್ ತಂಡದ ಜೊತೆ ದುಡಿದು ಹೆಸರಾದವರು. ಬಡವರ ಹಾಡಿಗೂ ಅದೇ ದರ್ಜೆಯ ಕಿವಿ, ಅದೇ ದರ್ಜೆಯ ಮೈಕು. ಈ ತಂಡದ ಡೊಬ್ರೋ ವಾದಕ ಜೆರ್ರಿ ಡಗ್ಲಸ್ 1990ರ ದಶಕದಲ್ಲಿ ನಮ್ಮ ಮೋಹನವೀಣೆಯ ವಿಶ್ವಮೋಹನ ಭಟ್ಟರ ಜೊತೆಯೂ ಒಂದು ಆಲ್ಬಮ್ ಮಾಡಿದ್ದಾರೆ. ಡೊಬ್ರೋ ಜಾರಿದಾಗ ಕಿವಿಗೆ ಪರಿಚಿತವೆನಿಸಿದ್ದು ಸುಮ್ಮನೆ ಅಲ್ಲ.

ಎಲ್ಲವೂ ಚೆನ್ನಾಗಿದೆ ಅಂತಲ್ಲ. ನಿಧಾನದ, ನಿಟ್ಟುಸಿರಿನ ಹಾಡುಗಳೇ ಹೆಚ್ಚಾಗಿ ನಡುವೆ ಸುಸ್ತಾಗುತ್ತದೆ.

ನಮ್ಮಲ್ಲೊಬ್ಬಳು ಮಾತ್ರ ಕೊನೆಗೂ ಒಪ್ಪಲಿಲ್ಲ. ದೂಳಿನ ನಿಜವಾದ ದನಿ ಬೇಕಿದ್ದರೆ, ಆ ದೂಳನ್ನು ಸ್ವತಃ ಕಂಡ ವುಡಿ ಗತ್ರಿಯ ‘ಡಸ್ಟ್ ಬೌಲ್ ಬ್ಯಾಲಡ್ಸ್’ ಕೇಳಿ ಅಂತ ಅವಳ ವಾದ. ಒಂದು ಗಿಟಾರ್, ಒಂದು ಹಾರ್ಮೋನಿಕಾ, 1940ರ ಧ್ವನಿಮುದ್ರಣ. ಅದೂ ವಿಕ್ಟರ್ ಕಂಪನಿಯ ಸ್ಟುಡಿಯೋದಲ್ಲಿ, ಆ ಕಾಲದ ಒಳ್ಳೆಯ ಯಂತ್ರಗಳ ಮುಂದೆ ಆದದ್ದೇ ಅಂದೆವು. ಎರಡನ್ನೂ ಒಂದರ ಹಿಂದೊಂದು ಮತ್ತೆ ಕೇಳಿದಳು. ಗತ್ರಿಯೇ ಅಂದಳು.